ಕುಂಡದ ಗೋಡೆ ದಾಟದ ಬೇರಿನ ಮಾತು

ದಸರಾ ಹತ್ತಿರವಾದಂತೆ ಇಲ್ಲಿ ಮಹಾರಾಷ್ಟ್ರದ ನರ್ಸರಿಗಳಲ್ಲಿ ಝೆಂಡು, ಅಂದರೆ ನಮ್ಮ ಚೆಂಡುಹೂವಿನ ಸಸಿಗಳ ರಾಶಿ. ಮುಂಬೈ ಬಳಿಯ ಡೊಂಬಿವಲಿಯಿಂದ ಪುಣೆಯ ಕೋಥ್ರೂಡ್‌ವರೆಗೆ ನಮ್ಮ ಕನ್ನಡಿಗರ ಗ್ಯಾಲರಿಗಳಲ್ಲಿ ಆಮೇಲೆ ಕಾಣುವುದು ಒಂದೇ ದೃಶ್ಯ: ಟೊಮೆಟೊ ಕುಂಡ, ಅದರ ಕಾವಲಿಗೆ ಪಕ್ಕದಲ್ಲೊಂದು ಚೆಂಡುಹೂವಿನ ಕುಂಡ. ಕೇಳಿದರೆ, "ಅದರ ಬೇರು ಬಿಡೋ ರಸಕ್ಕೆ ಹುಳ ಬರಲ್ಲವಂತೆ" ಎಂಬ ಉತ್ತರ. ರಸವೇನೋ ನಿಜ. ಅದು ಪ್ಲಾಸ್ಟಿಕ್ ಗೋಡೆ ತೂರಿ, ಗ್ರಿಲ್ ಮೇಲೆ ನಡೆದು, ಆಚೆ ಕುಂಡಕ್ಕೆ ಇಳಿಯುವುದು ಹೇಗೆ ಎಂದು ಮಾತ್ರ ಯಾರೂ ಯೋಚಿಸುವುದಿಲ್ಲ.

ಬೇರು ಹೊರಬಿಡುವ ರಾಸಾಯನಿಕಗಳು ಬಹುದೂರ ಹೋಗುವಂಥವಲ್ಲ. ಮಣ್ಣಿನ ತೇವದಲ್ಲಿ ಕರಗಿ ಹರಡುವಷ್ಟರಲ್ಲೇ ಜೇಡಿ ಕಣ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಳಿದದ್ದನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಇದಕ್ಕೆ ಜೋಳದ ಹೊಲಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಜೋಳದ ಬೇರು ಸ್ಟ್ರೈಗೊಲ್ಯಾಕ್ಟೋನ್ ಎಂಬ ವಸ್ತುವನ್ನು ಬಿಡುತ್ತದೆ; ಮಣ್ಣಿನಲ್ಲಿ ರಂಜಕ ಕಡಿಮೆಯಾದಷ್ಟೂ ಹೆಚ್ಚು. ಬೇರಿಗೆ ರಂಜಕ ತಂದುಕೊಡುವ ಶಿಲೀಂಧ್ರವನ್ನು ಕರೆಯುವ ಕೂಗು ಅದು. ಅದೇ ಕೂಗು ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಬೀಜಕ್ಕೂ ಕೇಳಿಸಿ, ಅದು ಮೊಳೆತು ಜೋಳದ ಬೇರಿಗೇ ಅಂಟಿಕೊಳ್ಳುತ್ತದೆ. ನಮಗೆ ಇಲ್ಲಿ ಬೇಕಾದದ್ದು ಅಳತೆ: ಮೊಳೆಯುವುದು ಬೇರಿನಿಂದ ಕೆಲವೇ ಮಿಲಿಮೀಟರ್ ಆಸುಪಾಸಿನ ಬೀಜ ಮಾತ್ರ. ಅದೇ ಸಾಲಿನಲ್ಲಿ ಒಂದು ಗೇಣು ಆಚೆ ಬಿದ್ದದ್ದು ವರ್ಷಗಟ್ಟಲೆ ಮಲಗಿಯೇ ಇರುತ್ತದೆ. ಒಂದೇ ಮಣ್ಣಿನಲ್ಲಿ ಗೇಣು ದಾಟದ್ದು ಎರಡು ಕುಂಡಗಳ ನಡುವೆ ದಾಟೀತೆ?

ಚೆಂಡುಹೂವಿನ ಬೇರಿನಲ್ಲಿರುವ ಮುಖ್ಯ ಅಸ್ತ್ರ ಆಲ್ಫಾ ಟರ್‌ಥೈನೈಲ್ ಎಂಬ ರಾಸಾಯನಿಕ. ಅದರ ಗುರಿ ಮಣ್ಣಿನೊಳಗಿನ ಬೇರುಗಂಟು ಜಂತುಹುಳು (ನೆಮಟೋಡ್). ಬಿಳಿನೊಣಕ್ಕೂ ಹಿಟ್ಟುತಿಗಣೆಗೂ ಅದಕ್ಕೂ ಸಂಬಂಧವಿಲ್ಲ. ಟೊಮೆಟೊ ಎಲೆ ಮುದುಡಿತು, ಚೆಂಡುಹೂ ಕೈಕೊಟ್ಟಿತು ಎಂದು ದೂರುವವರು ಎಲೆಯ ಅಡಿಯನ್ನು ತಿರುಗಿಸಿ ನೋಡಲಿ. ಎಲೆಮುದುಡು ರೋಗದ ವೈರಸ್ಸನ್ನು ತರುವ ಬಿಳಿನೊಣ ಅಲ್ಲಿರುತ್ತದೆ; ಹಳದಿ ಅಂಟುಹಾಳೆ ತೂಗುಹಾಕಿ.

ಜಂತುಹುಳುವೇ ಇದೆಯೇ ಎಂದು ತಿಳಿಯಲು ಸೊರಗಿದ ಗಿಡವೊಂದನ್ನು ಕಿತ್ತು ಬೇರು ತೊಳೆಯಿರಿ. ಬೇರೇ ಅಲ್ಲಲ್ಲಿ ಊದಿ ಗಂಟುಗಂಟಾಗಿದ್ದರೆ ಅದೇ. ಅವರೆ, ಅಲಸಂದೆಯಲ್ಲಿ ಮಾತ್ರ ಅವಸರ ಬೇಡ: ಬೇರಿನ ಪಕ್ಕಕ್ಕೆ ಅಂಟಿಕೊಂಡು, ಉಜ್ಜಿದರೆ ಉದುರಿ, ಒಳಗೆ ಗುಲಾಬಿ ಬಣ್ಣವಿರುವ ಗಂಟು ಗಿಡಕ್ಕೆ ಸಾರಜನಕ ಒದಗಿಸುವಂಥದ್ದು. ಅದನ್ನು ರೋಗವೆಂದು ಕಿತ್ತೆಸೆದವರ ಬಗ್ಗೆ ಏನು ಹೇಳಲಿ!

ಟೆರೇಸ್ ಮೇಲೆ ದೊಡ್ಡ ಮಡಿಯಿದ್ದು ಅದರಲ್ಲಿ ಹುಳು ಖಚಿತವಾದರೆ, ಆ ಮಡಿಯಲ್ಲೇ ಫ್ರೆಂಚ್ ಚೆಂಡುಹೂವಿನ ಗಿಡ್ಡ ತಳಿಯನ್ನು ಆರೇಳು ಇಂಚಿಗೊಂದರಂತೆ ಇಡೀ ಮಡಿ ತುಂಬುವಂತೆ ನೆಡಿ. ಅಂಚಿನಲ್ಲಿ ನಾಲ್ಕು ಗಿಡ ಸಾಲದು, ಬೇರು ಮುಟ್ಟದ ಜಾಗದಲ್ಲಿ ಹುಳು ಸುಖವಾಗಿರುತ್ತದೆ. ಎರಡರಿಂದ ಮೂರು ತಿಂಗಳು ಹಾಗೇ ಬಿಡಿ. ಆ ಹೊತ್ತಿನಲ್ಲಿ ಟೊಮೆಟೊ, ಬದನೆ, ಬೆಂಡೆ ಬೇಡ. ಕಳೆಯನ್ನೂ ಬಿಡಬೇಡಿ, ಹುಳು ಅದರ ಬೇರಿನಲ್ಲಿ ಆಶ್ರಯ ಪಡೆಯುತ್ತದೆ. ಆಮೇಲೆ ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿ ಬೇರು ಮಣ್ಣಿನಲ್ಲೇ ಕೊಳೆಯಲಿ. ಎರಡು ವಾರ ಕಳೆದು ಟೊಮೆಟೊ. ಹುಳುವಿನ ಸಂಖ್ಯೆ ಇಳಿಯುತ್ತದೆ, ನಿರ್ನಾಮವಾಗುವುದಿಲ್ಲ. ತಳಿಗೆ ತಕ್ಕಂತೆ ಫಲವೂ ಬದಲಾಗುತ್ತದೆ. ಹಬ್ಬದ ಬಾಡಿದ ಹಾರವನ್ನು ಕುಂಡಕ್ಕೆ ಸುರಿದರೆ ಗೊಬ್ಬರವಾಗುತ್ತದೆ, ಅಷ್ಟೇ. ಹನ್ನೆರಡು ಇಂಚಿನ ಕುಂಡವೊಂದಕ್ಕೆ ಈ ಸಾಹಸವೆಲ್ಲ ಬೇಡ, ಮಣ್ಣು ಬದಲಿಸಿ. ಪುಣೆಯವರಾದರೆ ಏಪ್ರಿಲ್-ಮೇ ಬಿಸಿಲಿಗೆ ಒದ್ದೆ ಮಣ್ಣನ್ನು ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚು ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟು ಕಾವಿನಿಂದಲೇ ಹುಳು ಇಳಿಸಬಹುದು. ಕಪ್ಪು ಪ್ಲಾಸ್ಟಿಕ್ಕಿಗೆ ಅಷ್ಟು ಕಾವು ಮಣ್ಣಿಗಿಳಿಯುವುದಿಲ್ಲ.

ಹಾಗಾದರೆ ಪಕ್ಕದ ಕುಂಡ ಇದೆಯೆಂದು ಟೊಮೆಟೊಗೆ ತಿಳಿಯುವುದೇ ಇಲ್ಲವೇ? ತಿಳಿಯುತ್ತದೆ, ಬೇರಿನಿಂದಲ್ಲ, ಬೆಳಕಿನಿಂದ. ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಅದರಾಚೆಯ ದೂರಗೆಂಪನ್ನು ಹೊರಕ್ಕೆ ಚೆಲ್ಲುತ್ತದೆ. ಆ ಪ್ರಮಾಣ ಬದಲಾದದ್ದನ್ನು ಟೊಮೆಟೊ ಕಾಂಡದಲ್ಲಿರುವ, ಬೆಳಕನ್ನು ಗ್ರಹಿಸುವ ಫೈಟೋಕ್ರೋಮ್ ಎಂಬ ವಸ್ತು ಗುರುತಿಸುತ್ತದೆ. ಯಾರೋ ಬಿಸಿಲಿಗೆ ಅಡ್ಡ ಬರುತ್ತಿದ್ದಾರೆಂದು ಗಿಡ, ನೆರಳು ಬೀಳುವ ಮೊದಲೇ, ಉದ್ದುದ್ದ ಏರಲು ಶುರುಮಾಡುತ್ತದೆ. ಕಾಂಡ ಸೊರಗುತ್ತದೆ, ಹೂ ಬಿಡುವ ಶಕ್ತಿ ಎತ್ತರಕ್ಕೆ ಹೋಗುತ್ತದೆ. ಕಾವಲಿಗೆಂದು ತಂದಿಟ್ಟ ಚೆಂಡುಹೂ ಟೊಮೆಟೊವನ್ನು ಹೀಗೆ ಬಡಕಲು ಮಾಡುತ್ತಿರಬಹುದು. ಎಲೆಗೆ ಎಲೆ ತಾಗದಂತೆ ಕನಿಷ್ಠ ಒಂದಡಿ ದೂರ ಸರಿಸಿ, ಚೆಂಡುಹೂವಿನ ಕುಂಡವನ್ನು ಬಿಸಿಲು ಬರುವ ದಿಕ್ಕಿನಿಂದ ತೆಗೆದು ಗೋಡೆಯ ಕಡೆಗೆ ಇಡಿ.