ಸಂಜೆ ಉಬ್ಬಿದ ಚೀಲ ರೋಗವಲ್ಲ, ಬೆಳಿಗ್ಗೆ ಮುಟ್ಟಿ ನೋಡಿ

"ಡಾಕ್ಟ್ರ, ಮರಿ ಕೊಳ್ಳಾಗ ಗಡ್ಡಿ ಎದ್ದೈತ್ರಿ, ಏನ್ ಹಾಕೋಣು?" ಕೋಳಿಮರಿ ಸಾಕುವವರಿಂದ ಇಂಥ ಫೋನ್ ಬರುವುದು ಹೆಚ್ಚಾಗಿ ಸಂಜೆ ಐದರಿಂದ ಏಳರ ನಡುವೆ. ಆ ಹೊತ್ತಿನ ಗಡ್ಡೆಗಳಲ್ಲಿ ಬಹುಪಾಲು ಗಡ್ಡೆಯೇ ಅಲ್ಲ, ಮರಿ ಹೊಟ್ಟೆತುಂಬ ಮೇದಿದೆ ಅಷ್ಟೆ. ಆದರೆ ಫೋನ್ ಮಾಡುವ ಮೊದಲೇ ಯಾರೋ ಎಣ್ಣೆ ಹೊಯ್ದಿರುತ್ತಾರೆ, ಇನ್ಯಾರೋ ಮರಿಯನ್ನು ತಲೆಕೆಳಗು ಹಿಡಿದು ಹಿಂಡಿರುತ್ತಾರೆ. ಆರೋಗ್ಯವಾಗಿದ್ದ ಮರಿ ರಾತ್ರಿಯೊಳಗೆ ಸಾಯುತ್ತದೆ. ಸತ್ತದ್ದು ಗಡ್ಡೆಯಿಂದ ಎಂದು ಮನೆಯವರು ನಂಬುತ್ತಾರೆ. ಸತ್ತದ್ದು ಉಪಚಾರದಿಂದ.

ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳು ಮೊದಲು ಕುತ್ತಿಗೆಯ ಬುಡದಲ್ಲಿ, ಅದರ ಬಲಮಗ್ಗುಲಿಗೆ ಇರುವ ತೆಳು ಚೀಲದಲ್ಲಿ ನಿಂತು ನೆನೆಯುತ್ತದೆ. ಅಲ್ಲಿಂದ ಸ್ವಲ್ಪಸ್ವಲ್ಪವೇ ಕೆಳಗಿಳಿದು ಮಾಂಸಲವಾದ ಗಟ್ಟಿ ಜಠರದಲ್ಲಿ ಅರೆಯಲ್ಪಡುತ್ತದೆ. ಕತ್ತಲಾದ ಮೇಲೆ ಕೋಳಿ ಮೇಯುವುದಿಲ್ಲ. ಆದ್ದರಿಂದ ಗೂಡು ಸೇರುವ ಮುನ್ನ ರಾತ್ರಿಗೆ ಬೇಕಾದಷ್ಟನ್ನು ಈ ಚೀಲಕ್ಕೆ ತುಂಬಿಕೊಳ್ಳುತ್ತದೆ. ಮರಿಯ ಎದೆಯ ಮೇಲೆ ಪುಕ್ಕ ಇನ್ನೂ ತೆಳುವಾಗಿರುವುದರಿಂದ ತುಂಬಿದ ಚೀಲ ಒಂದು ಕಡೆಗೆ ಉಬ್ಬಿ ಎದ್ದು ಕಾಣುತ್ತದೆ. ಸಂಜೆ ಚೀಲ ಉಬ್ಬಿದೆ ಎಂದರೆ ಸಂತೋಷಪಡಿ. ಸಂಜೆ ಚೀಲ ಖಾಲಿ ಇರುವ ಮರಿಯ ಬಗ್ಗೆ ಚಿಂತೆ ಮಾಡಿ.

ನೋಡಬೇಕಾದದ್ದು ಬೆಳಿಗ್ಗೆ. ಗೂಡಿನ ಬಾಗಿಲು ತೆಗೆಯುವ ಮೊದಲು, ಕಾಳು ಹಾಕುವ ಮೊದಲು, ನೀರು ಇಡುವುದಕ್ಕೂ ಮೊದಲು. ಮರಿಯನ್ನು ಎಡಗೈಯಲ್ಲಿ ಹಗುರವಾಗಿ ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕುತ್ತಿಗೆಯ ಬುಡವನ್ನು ಮೆಲ್ಲಗೆ ಮುಟ್ಟಿ. ಚೀಲ ಖಾಲಿಯಾಗಿ, ಬರೀ ಸಡಿಲ ಚರ್ಮ ಸಿಕ್ಕರೆ ಆ ಮರಿಗೆ ಚೀಲದ ತೊಂದರೆ ಇಲ್ಲ. ಸಂಜೆ ಅದು ಎಷ್ಟೇ ದೊಡ್ಡದಾಗಿ ಕಂಡಿರಲಿ, ಇಲ್ಲ. ಇಷ್ಟನ್ನು ಪದೇಪದೇ ಹೇಳುವುದಕ್ಕೆ ಕಾರಣವಿದೆ: ಕೇಳಿಸಿಕೊಂಡು ತಲೆಯಾಡಿಸಿದವರೇ ಮತ್ತೆ ಸಂಜೆ ಮುಟ್ಟಿ ನೋಡಿ ಗಾಬರಿಯಾಗುತ್ತಾರೆ.

ಇದಕ್ಕೊಂದು ಅಪವಾದ. ಮೊದಲ ವಾರ ಬಲ್ಬಿನ ಕೆಳಗೆ ಇಟ್ಟ ಮರಿಗಳು ರಾತ್ರಿಯೆಲ್ಲ ಬೆಳಕಿರುವುದರಿಂದ ರಾತ್ರಿಯೂ ತಿನ್ನುತ್ತವೆ. ಅವುಗಳ ಚೀಲ ಬೆಳಿಗ್ಗೆ ಖಾಲಿ ಇರಬೇಕೆಂದು ನಿರೀಕ್ಷಿಸಬಾರದು. ಅಂಥ ಮರಿಯ ಮೇಲೆ ಅನುಮಾನ ಬಂದರೆ ಅದನ್ನು ಬೆಚ್ಚಗಿನ ರಟ್ಟಿನ ಡಬ್ಬಿಯಲ್ಲಿ ನಾಲ್ಕು ತಾಸು ನೀರಷ್ಟೇ ಕೊಟ್ಟು ಬೇರೆ ಇಟ್ಟು, ಆಮೇಲೆ ಮುಟ್ಟಿ ನೋಡಿ.

ಹೊಸದಾಗಿ ತಂದ ಮರಿಗಳಲ್ಲಿ, ಗಿರಿರಾಜ ತಳಿಯಿರಲಿ ಜವಾರಿ (ನಾಟಿ) ಇರಲಿ, ಈ ಮುಟ್ಟುವ ಅಭ್ಯಾಸದಿಂದ ಇನ್ನೂ ಒಂದು ಲಾಭವಿದೆ. ತಂದ ಎರಡು ತಾಸಿಗೆ ನೂರರಲ್ಲಿ ಮುಕ್ಕಾಲು ಪಾಲು ಮರಿಗಳ ಚೀಲದಲ್ಲಾದರೂ ಏನಾದರೂ ಇರಬೇಕು. 24 ತಾಸಿಗೆ 95ಕ್ಕಿಂತ ಹೆಚ್ಚು ಮರಿಗಳಲ್ಲಿ ಇರಬೇಕು. ಚೀಲ ದುಂಡಗೆ, ಮೆತ್ತಗೆ ಇದ್ದರೆ ಮರಿ ತಿಂದೂ ಇದೆ, ಕುಡಿದೂ ಇದೆ. ಬರೀ ನೀರು ತುಂಬಿದ ಬಲೂನಿನ ಹಾಗೆ ಇದ್ದರೆ ಅದಕ್ಕೆ ಮೇವು ಸಿಕ್ಕಿಲ್ಲ. ಗಟ್ಟಿಯಾಗಿ ಕಾಳುಕಾಳು ಕೈಗೆ ಹತ್ತಿದರೆ ನೀರು ಸಿಕ್ಕಿಲ್ಲ.

ರಾಯಚೂರು, ಬಳ್ಳಾರಿ ಬೇಸಿಗೆಯಲ್ಲಿ ನೀರು ಸಿಗದ ಈ ಗಟ್ಟಿ ಚೀಲವೇ ಹೆಚ್ಚು. ನೀರು ಇಟ್ಟಿಲ್ಲವೆಂದಲ್ಲ, ಇಟ್ಟಿರುತ್ತಾರೆ. ತಗಡಿನ ಕೆಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟ ನೀರು ಮಧ್ಯಾಹ್ನದ ಹೊತ್ತಿಗೆ ಕೈಗೆ ಬಿಸಿ ಹತ್ತುತ್ತದೆ. ಬಿಸಿ ನೀರನ್ನು ಮರಿ ಮೂಸಿ ಬಿಡುತ್ತದೆ, ಒಣ ಮೇವನ್ನು ಮಾತ್ರ ತಿನ್ನುತ್ತದೆ. ಮಣ್ಣಿನ ಬೋಗುಣಿಯಲ್ಲಿ ನೀರು ಇಡಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಎರಡು ತಾಸಿಗೊಮ್ಮೆ ಬದಲಿಸಿ. ಮರಿ ಮುಳುಗದಂತೆ ಬೋಗುಣಿಯಲ್ಲಿ ನಾಲ್ಕು ಗುಂಡುಕಲ್ಲು ಹಾಕಿ.

ಇನ್ನು ಬೆಳಿಗ್ಗೆಯೂ ಖಾಲಿಯಾಗದ ಚೀಲ. ಅದು ಗಟ್ಟಿಯಾಗಿದ್ದರೆ ಒಂದು ದಾರಿ, ಜುಳುಜುಳು ಎನ್ನುತ್ತಿದ್ದರೆ ಬೇರೆ ದಾರಿ. ಎರಡಕ್ಕೂ ಒಂದೇ ಮದ್ದು ಹಾಕುವವರೇ ಹೆಚ್ಚು.

ಗಟ್ಟಿ ಚೀಲವೆಂದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ ಅದು ಬಹಳ ಸಲ ಭತ್ತದ ಹೊಟ್ಟು. ಮಿಲ್ಲಿನಿಂದ ಸುಲಭವಾಗಿ ಸಿಗುತ್ತದೆಂದು ಮರಿಯ ಕೆಳಗೆ ಹಾಸುತ್ತಾರೆ. ಹಾಸಲು ಅದು ಒಳ್ಳೆಯದೇ, ಆದರೆ ಮೂರು ದಿನದ ಮರಿಗೆ ಹೊಟ್ಟು ಯಾವುದು, ಮೇವು ಯಾವುದು ಎಂದು ಗೊತ್ತಾಗುವುದಿಲ್ಲ. ಮೊದಲ ನಾಲ್ಕು ದಿನ ಹೊಟ್ಟಿನ ಮೇಲೆ ಪೇಪರ್ ಹಾಸಿ ಅದರ ಮೇಲೆ ಮೇವು ಉದುರಿಸಿ, ಪೇಪರನ್ನು ದಿನಾ ಬದಲಿಸಿ. ನುಣುಪು ಪೇಪರಾದರೆ ಮರಿಯ ಕಾಲು ಜಾರಿ ಅಗಲವಾಗುತ್ತವೆ, ಮೊದಲು ಮುದುಡಿ ಬಿಡಿಸಿ ಹಾಸಿ. ಪೇಪರ್ ಬದಲು ಗೋಣಿಚೀಲ ಹಾಸಬೇಡಿ, ಅದರ ನೂಲನ್ನೇ ಮರಿ ಎಳೆದು ನುಂಗುತ್ತದೆ. ಗೊಬ್ಬರದ ಚೀಲದ ಪ್ಲಾಸ್ಟಿಕ್ ಎಳೆ, ಹತ್ತಿಯ ಎಳೆ, ಬಾಚಿ ಬಿಸಾಡಿದ ತಲೆಗೂದಲು, ಉದ್ದ ಹುಲ್ಲು, ಇವೆಲ್ಲ ಚೀಲದಲ್ಲಿ ಸುತ್ತಿಕೊಂಡು ಉಂಡೆಯಾಗುತ್ತವೆ. ಸೊಪ್ಪು ಹಾಕುವುದಾದರೆ ಸಣ್ಣಗೆ ಹೆಚ್ಚಿ ಹಾಕಿ.

ಎರಡನೆಯ ಕಾರಣ ಯಾರ ತಲೆಗೂ ಹೊಳೆಯುವುದಿಲ್ಲ: ಹರಳಿನ, ಅಂದರೆ ಸಣ್ಣ ಕಲ್ಲಿನ, ಕೊರತೆ. ಅಂಗಡಿಯ ಪುಡಿ ಮೇವನ್ನಷ್ಟೇ ತಿನ್ನುವ ಮರಿಗೆ ಹರಳು ಬೇಕಿಲ್ಲ. ಜೋಳದ ನುಚ್ಚು, ಸಜ್ಜೆ, ಸೊಪ್ಪು ತಿನ್ನುವ ಮರಿಗೆ ಬೇಕೇ ಬೇಕು, ಯಾಕೆಂದರೆ ಜಠರ ಅರೆಯುವುದು ಆ ಹರಳಿನಿಂದ. ಕೆಳಗೆ ಅರೆಯದಿದ್ದರೆ ಮೇಲಿನ ಚೀಲ ಖಾಲಿಯಾಗುವುದಾದರೂ ಹೇಗೆ? ಮಸಾರಿ (ಕೆಂಪು) ನೆಲದಲ್ಲಿ ಓಡಾಡುವ ಮರಿ ತಾನೇ ಹೆಕ್ಕಿಕೊಳ್ಳುತ್ತದೆ. ಎರಿ (ಕಪ್ಪು) ನೆಲದ ಊರುಗಳಲ್ಲಿ ಆ ಭಾಗ್ಯವಿಲ್ಲ. ಎರಿಯಲ್ಲಿ ಸಿಗುವ ಸುಣ್ಣದ ಹರಳು ಹೊಟ್ಟೆಯ ಹುಳಿಗೆ ಕರಗಿಹೋಗುತ್ತದೆ, ಅರೆಯುವ ಕೆಲಸಕ್ಕೆ ಬಾರದು. ಹಳ್ಳದ ಉಸುಕನ್ನು ತೊಳೆದು, ಸಾಸಿವೆ ಗಾತ್ರದ್ದನ್ನು ಜರಡಿ ಹಿಡಿದು ಒಂದು ಸಣ್ಣ ತಟ್ಟೆಯಲ್ಲಿ ಬೇರೆ ಇಡಿ. ಮೇವಿನಲ್ಲಿ ಕಲಸಬೇಡಿ. ಕಪ್ಪೆಚಿಪ್ಪಿನ ಪುಡಿ ಮೊಟ್ಟೆಯಿಡುವ ಕೋಳಿಗೆ, ಮರಿಗಲ್ಲ.

ಗಟ್ಟಿ ಚೀಲದ ಮರಿಯನ್ನು ಬೇರೆ ಮಾಡಿ, ಮೇವು ನಿಲ್ಲಿಸಿ. ಎರಡು ವಾರದ ಮರಿಯಾದರೆ ಶೇಂಗಾ ಎಣ್ಣೆ ಅಥವಾ ಕೊಬ್ಬರಿ ಎಣ್ಣೆ ಎರಡು ಮೂರು ಹನಿ, ತಿಂಗಳ ಮರಿಯಾದರೆ ಅರ್ಧ ಎಂಎಲ್. ಸೂಜಿ ತೆಗೆದ 1 ಎಂಎಲ್ ಸಿರಿಂಜಿನಿಂದ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಇಡಿ, ಮರಿ ತಾನೇ ನುಂಗಲಿ. ಕೊಕ್ಕು ಅಗಲಿಸಿ ಒಳಗೆ ಹೊಯ್ಯಬೇಡಿ. ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ತೆರೆದುಕೊಂಡಿರುತ್ತದೆ, ಎಣ್ಣೆ ನೇರ ಪುಪ್ಪುಸಕ್ಕೆ ಹೋಗುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರು ಅದೇ ರೀತಿ ಐದಾರು ಹನಿ. ಐದು ನಿಮಿಷ ಬಿಟ್ಟು, ಚೀಲವನ್ನು ಎರಡು ಬೆರಳುಗಳ ನಡುವೆ ಮೆಲ್ಲಗೆ ಮಿದ್ದು ಉಂಡೆ ಒಡೆಯುವಂತೆ ಮಾಡಿ. ಕೊಕ್ಕಿನ ಕಡೆಗೆ ಒತ್ತಲೇಬೇಡಿ. ಎರಡು ಮೂರು ನಿಮಿಷ ಸಾಕು, ದಿನಕ್ಕೆ ನಾಲ್ಕು ಸಲ. ಚೀಲ ಮೆತ್ತಗಾಗಿ ಇಳಿಯತೊಡಗಿದರೆ ಪುಡಿ ಮೇವನ್ನು ಬಿಸಿನೀರಿನಲ್ಲಿ ನೆನೆಸಿ, ಆರಿಸಿ, ಸ್ವಲ್ಪಸ್ವಲ್ಪ ಕೊಡಿ. ನಾಲ್ಕೈದು ದಿನ ಇಡೀ ಕಾಳು ಬೇಡ. ಮರಿಯನ್ನು ಒಂದು ರಾತ್ರಿಗಿಂತ ಹೆಚ್ಚು ಉಪವಾಸ ಇಡಬೇಡಿ, ದೊಡ್ಡ ಕೋಳಿಯ ಲೆಕ್ಕ ಮರಿಗೆ ಹೊಂದುವುದಿಲ್ಲ. ಮರುದಿನವೂ ಉಂಡೆ ಹಾಗೆಯೇ ಇದ್ದರೆ ಪಶು ಆಸ್ಪತ್ರೆಗೆ ತನ್ನಿ. ಕೊಯ್ದು ತೆಗೆಯುವುದುಂಟು, ಆದರೆ ಚೀಲದ ಗೋಡೆಗೆ ಒಂದು ಹೊಲಿಗೆ, ಮೇಲಿನ ಚರ್ಮಕ್ಕೆ ಬೇರೆ ಹೊಲಿಗೆ ಬೀಳಬೇಕು. ಮನೆಯಲ್ಲಿ ಬ್ಲೇಡಿನಿಂದ ಕೊಯ್ದು ಎರಡನ್ನೂ ಸೇರಿಸಿ ದಾರ ಹಾಕಿದ ಗಾಯ ಸೋರಿ ಕೊಳೆಯುತ್ತದೆ.

ಜುಳುಜುಳು ಚೀಲದ್ದು ಬೇರೆ ಕಥೆ. ಮುಟ್ಟಿದರೆ ಒಳಗೆ ನೀರಾಡುತ್ತದೆ, ಕೊಕ್ಕಿನ ಹತ್ತಿರ ಮೂಗಿಟ್ಟರೆ ಹುಳಿ ವಾಸನೆ ಬರುತ್ತದೆ, ಕೆಲವು ಮರಿಗಳ ಬಾಯೊಳಗೆ ಬಿಳಿ ಹೆಪ್ಪು ಕಾಣುತ್ತದೆ. ಇದು ಕ್ಯಾಂಡಿಡಾ ಎಂಬ ಬೂಷ್ಟಿನ ಕೆಲಸ. ನಿನ್ನೆಯ ಅನ್ನ, ಬೂಷ್ಟು ಹಿಡಿದ ನುಚ್ಚು, ಲೋಳೆ ಕಟ್ಟಿದ ನೀರಿನ ಡಬ್ಬಿ ಇದಕ್ಕೆ ಮೂಲ. ಅವೆಲ್ಲಕ್ಕಿಂತ ಕೆಟ್ಟದ್ದು, ಔಷಧಿ ಅಂಗಡಿಯಿಂದ ತಂದು ವಾರಗಟ್ಟಲೆ ನೀರಿನಲ್ಲಿ ಕಲಸುವ ಆಂಟಿಬಯೋಟಿಕ್ ಪುಡಿ. ಅದು ಬೂಷ್ಟನ್ನು ಕೊಲ್ಲುವುದಿಲ್ಲ. ಬೂಷ್ಟನ್ನು ಅಂಕೆಯಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಚೀಲ ಕೆಟ್ಟಿತೆಂದು ಮತ್ತೆ ಅದೇ ಪುಡಿ ಹಾಕಿದರೆ ರೋಗಕ್ಕೆ ಮೇವು ಹಾಕಿದಂತಾಯಿತು. ದಯವಿಟ್ಟು ನಿಲ್ಲಿಸಿ.

ಇಲ್ಲಿ ಎಣ್ಣೆಯೂ ಬೇಡ, ಮಿದಿಯುವುದೂ ಬೇಡ. ಡಬ್ಬಿಯನ್ನು ದಿನಕ್ಕೆರಡು ಸಲ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿ, ಹೊಸ ಮೇವು ಸ್ವಲ್ಪಸ್ವಲ್ಪ ಕೊಡಿ, ವೈದ್ಯರಿಗೆ ತೋರಿಸಿ. ನಿಸ್ಟಾಟಿನ್ ಎಂಬ ಔಷಧಿ ಇದೆ, ಮರಿಯ ತೂಕ ನೋಡಿ ಅವರೇ ಪ್ರಮಾಣ ಹೇಳುತ್ತಾರೆ. ದಾಳಿಂಬೆ ತೋಟವಿರುವ ಕುಷ್ಟಗಿ ಕಡೆಯವರು ತೋಟಕ್ಕೆ ಹೊಡೆಯುವ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಬಹುದೇ ಎಂದು ಕೇಳುತ್ತಾರೆ. ಹಳೆಯ ಪದ್ಧತಿಯಲ್ಲಿ ಅದು ಇದೆ: 10 ಲೀಟರ್ ನೀರಿಗೆ 5 ಗ್ರಾಂ, ಮೂರು ದಿನ, ಲೋಹದ ಪಾತ್ರೆಯಲ್ಲಿ ಅಲ್ಲ. ಆದರೆ ತೂಗದೆ ಚಿಟಿಕೆ ಲೆಕ್ಕದಲ್ಲಿ ಹಾಕಿದರೆ ಅದೇ ವಿಷ, ಬೇಸಿಗೆಯಲ್ಲಿ ಮರಿ ನೀಲಿ ನೀರು ಕುಡಿಯದೆ ಬಾಯಾರಿ ಸಾಯುವುದೂ ಉಂಟು. ವೈದ್ಯರು ಹೇಳದೆ ಹಾಕಬೇಡಿ.

ತಲೆಕೆಳಗು ಹಿಡಿದು ವಾಂತಿ ಮಾಡಿಸುವುದು ಈ ಜುಳುಜುಳು ಚೀಲಕ್ಕೇ. ಮೊಬೈಲಿನ ವಿಡಿಯೋಗಳಲ್ಲಿ ನೋಡಿ ಮಾಡುತ್ತಾರೆ. ಹೊರಬರುವ ಹುಳಿನೀರು ಬಾಯಿ ತುಂಬಿದಾಗ ಮರಿ ಉಸಿರು ಎಳೆದುಕೊಳ್ಳುತ್ತದೆ, ಆ ನೀರೇ ಪುಪ್ಪುಸಕ್ಕೆ ಇಳಿಯುತ್ತದೆ. ಮೂಗಿನಲ್ಲಿ ಗುಳ್ಳೆ, ಕೊಕ್ಕು ತೆರೆದು ಏದುಸಿರು, ಆಮೇಲೆ ಮಾಡುವುದೇನೂ ಉಳಿಯುವುದಿಲ್ಲ.

ಚೀಲ ಜೋತುಬಿದ್ದು ತೂಗಾಡುವುದು ಮರಿಗಳಲ್ಲಿ ಅಪರೂಪ. ಅದು ಪೂರ್ತಿ ವಾಸಿಯಾಗುವುದಿಲ್ಲ. ಮೇವನ್ನು ಸ್ವಲ್ಪಸ್ವಲ್ಪ, ಹಲವು ಸಲ ಕೊಟ್ಟು ಸಾಕಬಹುದು. ಅಂಥ ಕೋಳಿಯ ಮೊಟ್ಟೆಯನ್ನು ಕಾವಿಗೆ ಕೂರಿಸಬೇಡಿ.

ಒಂದೇ ದಿನ ನಾಲ್ಕಾರು ಮರಿಗಳ ಚೀಲದಲ್ಲಿ ನೀರು ತುಂಬಿ, ಹಸಿರು ಹಿಕ್ಕೆ, ಏದುಸಿರು, ಕುತ್ತಿಗೆ ತಿರುಚುವುದು ಕಂಡರೆ ಚೀಲದ ಮಾತು ಬಿಡಿ, ಅದು ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಹನಿಸುವ ಲಸಿಕೆ, ಆರರಿಂದ ಎಂಟು ವಾರಕ್ಕೆ ಚುಚ್ಚುವ ಲಸಿಕೆ ಇರುವುದೇ ಇದಕ್ಕೆ. ರೋಗ ಬಂದ ಮೇಲೆ ಔಷಧಿ ಇಲ್ಲ. ಎರಡು ತಿಂಗಳು ದಾಟಿದ ಮರಿಯ ಚೀಲ ಖಾಲಿಯಾಗದೆ ನಿಂತು, ಜೊತೆಗೆ ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿದರೆ ಮರೆಕ್ಸ್ ರೋಗದ ಅನುಮಾನ. ಎರಡರಲ್ಲೂ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಆ ದಿನವೇ ಸತ್ತ ಮರಿಯಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯ ಜೊತೆ ಇಟ್ಟು ತಪಾಸಣೆಗೆ ತನ್ನಿ. ಉಳಿದವನ್ನು ಕಾಲುವೆಗೆ ಎಸೆಯದೆ, ಸುಣ್ಣ ಹಾಕಿ ನಾಯಿ ಕೆದರದಷ್ಟು ಆಳಕ್ಕೆ ಹೂಳಿ.