ಸವೆತ: ಡಯಾಲಿಸಿಸ್ ರೋಗಿಗೆ ಉಂಡದ್ದು ಮೈಗೆ ಹತ್ತದಿರುವುದು ಏಕೆ?

ಡಯಾಲಿಸಿಸ್ ಆರಂಭವಾಗಿ ಒಂದೆರಡು ವರ್ಷ ಕಳೆದ ಮನೆಗಳಲ್ಲಿ ಆಗಾಗ ಒಂದು ಸಂತೋಷದ ಮಾತು ಕೇಳುತ್ತದೆ: ‘ಈ ಸಲ ಕ್ರಿಯಾಟಿನಿನ್ ಇಳಿದಿದೆ.’ ಆ ಸಂತೋಷವನ್ನು ಕಸಿಯಲು ಮನಸ್ಸು ಬರುವುದಿಲ್ಲ, ಆದರೂ ಹೇಳಲೇಬೇಕು. ಮೂತ್ರಪಿಂಡದ ಕೆಲಸವನ್ನು ಅಳೆಯಲು ರಕ್ತದಲ್ಲಿ ನೋಡುವ ಈ ಕ್ರಿಯಾಟಿನಿನ್ ಎಂಬ ಕಲ್ಮಶ ಹುಟ್ಟುವುದು ಸ್ನಾಯುಗಳಿಂದ. ಡಯಾಲಿಸಿಸ್ ಕ್ರಮ ಬದಲಾಗದೆ, ಮೂತ್ರವೂ ಹೆಚ್ಚದೆ ಅದು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಮೈಯಲ್ಲಿನ ಮಾಂಸಖಂಡ ಕರಗುತ್ತಿರಬಹುದು.

ಈ ಸ್ಥಿತಿಗೆ ಮೂತ್ರಪಿಂಡ ಪೋಷಣೆಯ ತಜ್ಞರ ಅಂತರರಾಷ್ಟ್ರೀಯ ಸಂಘವೊಂದು 2008ರಲ್ಲಿ ‘ಪ್ರೋಟೀನ್-ಎನರ್ಜಿ ವೇಸ್ಟಿಂಗ್’ ಎಂಬ ಹೆಸರನ್ನು ಗೊತ್ತುಮಾಡಿತು. ಕನ್ನಡದಲ್ಲಿ ‘ಸವೆತ’ ಎಂದರೆ ಸಾಕು ಎಂದು ನನಗನಿಸುತ್ತದೆ. ‘ಅಪೌಷ್ಟಿಕತೆ’ ಎಂದೊಡನೆ ಊಟ ಸಾಲದೆಂದು ತಿಳಿದು ಮನೆಯವರು ತಟ್ಟೆಗೆ ಇನ್ನಷ್ಟು ಬಡಿಸುತ್ತಾರೆ. ಸವೆತದಲ್ಲಿ ಉಂಡದ್ದೂ ಮೈಗೆ ಹತ್ತುವುದಿಲ್ಲ.

ಅದರ ಹಿಂದೆ ಹೆಚ್ಚಾಗಿ ಉರಿಯೂತವಿರುತ್ತದೆ. ಹೆಸರಿನಲ್ಲಿ ಉರಿಯೂ ಇದೆ, ಊತವೂ ಇದೆ; ಈ ರೋಗಿಗಳಲ್ಲಿ ಮಾತ್ರ ಎರಡೂ ಕಣ್ಣಿಗೆ ಬೀಳದಿರಬಹುದು. ಡಯಾಲಿಸಿಸ್‌ಗೆಂದು ಹಾಕಿ ಕುತ್ತಿಗೆಯಲ್ಲಿ ತಿಂಗಳುಗಟ್ಟಲೆ ಉಳಿದ ಕ್ಯಾತಿಟರ್ (ಕೊಳವೆ), ರಕ್ತ ಒಸರುವ ಒಸಡು, ಮುಚ್ಚಿಹೋದ ಹಳೆಯ ಗ್ರಾಫ್ಟ್‌ನೊಳಗಿನ (ಡಯಾಲಿಸಿಸ್‌ಗೆಂದು ಕೂರಿಸಿದ ಕೃತಕ ರಕ್ತನಾಳದೊಳಗಿನ) ಸೋಂಕು, ಸರಿಯಾಗಿ ಶುದ್ಧವಾಗದ ಡಯಾಲಿಸಿಸ್ ನೀರು, ಮೈಯಲ್ಲೇ ನಿಂತ ಹೆಚ್ಚುವರಿ ನೀರು, ಇವು ಯಾವುದಾದರೂ ಅದನ್ನು ಕೆರಳಿಸಬಲ್ಲವು. ಆಗ ಹಸಿವು ಸಾಯುತ್ತದೆ, ಸ್ನಾಯು ಕರಗುತ್ತದೆ. ಯಕೃತ್ತು ರಕ್ತದ ಮುಖ್ಯ ಪ್ರೋಟೀನಾದ ಅಲ್ಬುಮಿನ್‌ನ ತಯಾರಿಕೆಯನ್ನು ತಗ್ಗಿಸಿ, ಉರಿಯೂತವನ್ನು ಸೂಚಿಸುವ ಸಿಆರ್‌ಪಿಯಂಥ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ. ಅಲ್ಬುಮಿನ್ ಡೆಸಿಲೀಟರ್‌ಗೆ 3.8 ಗ್ರಾಂಗಿಂತ ಕಡಿಮೆ ಬಂದಾಗ ಸಿಆರ್‌ಪಿಯನ್ನೂ ನೋಡದೆ ‘ನೀವು ಸರಿಯಾಗಿ ತಿನ್ನುತ್ತಿಲ್ಲ’ ಎಂದು ರೋಗಿಯನ್ನು ದೂರುವುದು ಅನ್ಯಾಯ. ಕ್ಯಾತಿಟರ್ ತೆಗೆಸಿ ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ಕೈಯಲ್ಲಿ ಎರಡು ರಕ್ತನಾಳಗಳ ಜೋಡಣೆ) ಮಾಡಿಸಿಕೊಳ್ಳುವುದು, ಹಲ್ಲಿನ ವೈದ್ಯರ ಬಳಿ ಹೋಗುವುದು ಕೂಡ ಇಲ್ಲಿ ಪೋಷಣೆಯ ಕೆಲಸವೇ.

ಹಾಗೆಂದು ಊಟವನ್ನು ಕಡೆಗಣಿಸುವಂತಿಲ್ಲ. ಡಯಾಲಿಸಿಸ್‌ಗೆ ಮುಂಚೆ ವೈದ್ಯರು ಹೇಳಿದ ‘ಬೇಳೆ ಕಡಿಮೆ ಮಾಡಿ’ ಎಂಬ ಪಥ್ಯ ಎಷ್ಟೋ ಮನೆಗಳಲ್ಲಿ ವರ್ಷಗಳ ನಂತರವೂ ಹಾಗೆಯೇ ನಡೆಯುತ್ತಿರುತ್ತದೆ. ಆ ಲೆಕ್ಕ ಈಗ ತಿರುವುಮುರುವಾಗಿದೆ. ಪ್ರತಿ ಡಯಾಲಿಸಿಸ್‌ನಲ್ಲೂ ರಕ್ತದಿಂದ ಸುಮಾರು 6ರಿಂದ 12 ಗ್ರಾಂ ಅಮೈನೋ ಆಮ್ಲಗಳು, ಎಂದರೆ ಪ್ರೋಟೀನಿನ ಮೂಲಘಟಕಗಳು, ಹೊರಹೋಗುತ್ತವೆ. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ನಲ್ಲಿ ದಿನವೂ ಪ್ರೋಟೀನ್ ಸೋರುತ್ತದೆ. ಆದ್ದರಿಂದ ಕಿಲೋ ತೂಕಕ್ಕೆ ದಿನಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಎಂದರೆ 55 ಕಿಲೋ ತೂಗುವವರಿಗೆ 55ರಿಂದ 66 ಗ್ರಾಂ. ಅನ್ನ, ತಿಳಿಸಾರಿನಲ್ಲಿ ಅಷ್ಟು ಸಿಗದು. ಮೊಟ್ಟೆಯ ಬಿಳಿಭಾಗ ಇಲ್ಲಿ ದೊಡ್ಡ ಆಸರೆ: ಒಂದರಲ್ಲಿ ಸುಮಾರು 3.5 ಗ್ರಾಂ ಪ್ರೋಟೀನ್ ಇದೆ, ರಂಜಕ (ಫಾಸ್ಫರಸ್) ತೀರಾ ಕಡಿಮೆ. ಮೊಟ್ಟೆ ಮುಟ್ಟದವರು ಬೇಳೆ, ಪನೀರ್, ಮೊಸರುಗಳಲ್ಲಿ ಎಷ್ಟೆಷ್ಟು ತಿನ್ನಬಹುದೆಂದು ಆಹಾರತಜ್ಞರಿಂದ ಲೆಕ್ಕ ಹಾಕಿಸಿಕೊಳ್ಳಬೇಕು, ಏಕೆಂದರೆ ಪೊಟ್ಯಾಸಿಯಂ ಮತ್ತು ರಂಜಕದ ಮಿತಿ ಒಬ್ಬೊಬ್ಬರಿಗೆ ಒಂದೊಂದು. ಕ್ಯಾಲೊರಿಯೂ ಸಾಕಷ್ಟಿರಬೇಕು, ಇಲ್ಲದಿದ್ದರೆ ದೇಹ ಆ ಪ್ರೋಟೀನನ್ನೇ ಉರಿಸಿ ಮುಗಿಸುತ್ತದೆ.

ಸವೆತವನ್ನು ತಕ್ಕಡಿ ಬಚ್ಚಿಡುತ್ತದೆ. ಮಾಂಸ ಹೋದ ಜಾಗಕ್ಕೆ ನೀರು ಬಂದು ಸೇರಿದರೆ ತೂಕದ ಅಂಕಿ ಹಾಗೆಯೇ ಇರುತ್ತದೆ, ಹೆಚ್ಚಾದ ನೀರು ಉರಿಯೂತವನ್ನು ಮತ್ತಷ್ಟು ಕೆರಳಿಸುತ್ತದೆ. ಸೊಂಟದ ಬೆಲ್ಟು ಒಂದು ತೂತು ಒಳಗೆ ಹೋಗಿದ್ದರೆ, ಫಿಸ್ಟುಲಾ ಇಲ್ಲದ ಕೈಯ ರವಿಕೆ ತೋಳು ಸಡಿಲವಾಗಿದ್ದರೆ, ಮುಂದಿನ ಸರದಿಯಲ್ಲಿ ಸೂಜಿ ಚುಚ್ಚುವ ಮೊದಲೇ ಸಿಬ್ಬಂದಿಗೆ ಹೇಳಿ. ವೈದ್ಯರು ನಿಮ್ಮ ಒಣ ತೂಕವನ್ನು, ಎಂದರೆ ಹೆಚ್ಚುವರಿ ನೀರಿಲ್ಲದಾಗಿನ ತೂಕವನ್ನು, ಹೊಸದಾಗಿ ಗೊತ್ತುಮಾಡಬೇಕಾಗಬಹುದು.