ಅಮೆರಿಕ ನ್ಯಾಟೊ ಬಿಟ್ಟು ಹೋದರೆ?

ಓದುಗರ ಪ್ರಶ್ನೆ: ಯುರೋಪನ್ನು ಕಾಯುವ ಖರ್ಚು ನಾವ್ಯಾಕೆ ಹೊರಬೇಕು ಅಂತ ಅಮೆರಿಕ ಕೇಳುತ್ತಲೇ ಇದೆ. ಒಂದು ದಿನ ನ್ಯಾಟೊ ಅನ್ನುವ ಸೇನಾ ಒಕ್ಕೂಟದಿಂದ ಎದ್ದು ಹೋಗಿಬಿಟ್ಟರೆ?

ಕಾನೂನಿನ ಪ್ರಕಾರ ಅದು ಅಷ್ಟು ಸಲೀಸಲ್ಲ. ನ್ಯಾಟೊ ಹುಟ್ಟಿದ 1949ರ ಒಪ್ಪಂದದ 13ನೇ ವಿಧಿಯಂತೆ ಒಂದು ವರ್ಷ ಮೊದಲು ನೋಟಿಸ್ ಕೊಟ್ಟು ಯಾವ ದೇಶ ಬೇಕಾದರೂ ಹೊರಬರಬಹುದು. ಆದರೆ 2023ರ ಕೊನೆಯಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಇದಕ್ಕೊಂದು ಬೀಗ ಹಾಕಿತು. ಅಧ್ಯಕ್ಷರು ಹೊರಬರಬೇಕಾದರೆ ಮೇಲ್ಮನೆಯಾದ ಸೆನೆಟ್‌ನ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು, ಇಲ್ಲವೇ ಕಾಂಗ್ರೆಸ್ಸೇ ಕಾನೂನು ಮಾಡಬೇಕು. ಆ ಬೀಗ ಹಾಕಲು ಮುಂದೆ ನಿಂತವರಲ್ಲಿ ಆಗ ಸೆನೆಟರ್ ಆಗಿದ್ದ ಮಾರ್ಕೊ ರುಬಿಯೊ ಒಬ್ಬರು. 2025ರಲ್ಲಿ ಅವರೇ ಟ್ರಂಪ್ ಸರ್ಕಾರದ ವಿದೇಶಾಂಗ ಸಚಿವರಾದರು!

ನಿಜ ಹೇಳಬೇಕೆಂದರೆ, ಬಿಟ್ಟು ಹೋಗುವ ಅಗತ್ಯವೇ ಇಲ್ಲ. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೆ ಆದಂತೆ ಅನ್ನುವ 5ನೇ ವಿಧಿಯನ್ನು ಪೂರ್ತಿ ಓದಿ ನೋಡಿ. ಪ್ರತಿ ದೇಶವೂ ತನಗೆ ಅಗತ್ಯ ಅನ್ನಿಸಿದ ಕ್ರಮ ತೆಗೆದುಕೊಳ್ಳಬೇಕು ಅಂತಷ್ಟೇ ಇದೆ. ಸೈನ್ಯ ಕಳಿಸಬಹುದು, ಕಂಬಳಿ ಕಳಿಸಿ ಸುಮ್ನೆ ಕೂರಲೂಬಹುದು. ಹಾಗಿದ್ದೂ ಈ ಮಾತಿಗೆ ತೂಕ ಬಂದದ್ದು ಅಮೆರಿಕದ ಸೈನಿಕರು ಅಲ್ಲೇ ಬಿಡಾರ ಹೂಡಿದ್ದರಿಂದ. ಶೀತಲ ಸಮರದ ಕಾಲದಲ್ಲಿ ಯುರೋಪಿನಲ್ಲಿ 3 ಲಕ್ಷಕ್ಕಿಂತ ಜಾಸ್ತಿ ಇದ್ದರು. ಜರ್ಮನಿಯ ಮೇಲೆ ಸೋವಿಯತ್ ದಾಳಿಯಾದರೆ ಮೊದಲ ದಿನವೇ ಅಮೆರಿಕದವರೂ ಸಾಯುತ್ತಿದ್ದರು. ಆಮೇಲೆ ವಾಷಿಂಗ್ಟನ್ ದೂರ ನಿಂತು ನೋಡೋಕಾಗುತ್ತಾ? ಆ ಸೈನಿಕರನ್ನು ಒಬ್ಬೊಬ್ಬರಾಗಿ ಮನೆಗೆ ಕರೆಸಿಕೊಂಡರೆ ಸಾಕು, ಒಪ್ಪಂದ ಹಾಗೇ ಇರುತ್ತದೆ, ಧೈರ್ಯ ಹೋಗಿರುತ್ತದೆ.

ದುಡ್ಡಿನ ಜಗಳ ಹಳೆಯದು. 2014ರಲ್ಲಿ ನ್ಯಾಟೊ ದೇಶಗಳು ರಕ್ಷಣಾ ಖರ್ಚಿಗೆ ಜಿಡಿಪಿಯ 2% ಗುರಿ ಇಟ್ಟರು. 2025ರಲ್ಲಿ ಹೇಗ್‌ನಲ್ಲಿ ಸೇರಿದಾಗ 2035ಕ್ಕೆ 5% ಅಂದರು. ಅದರಲ್ಲಿ 1.5% ರಸ್ತೆ, ಸೇತುವೆಯಂಥದ್ದಕ್ಕೂ ಹೋಗಬಹುದು. ದುಡ್ಡು ಹೇಗೋ ಹೊಂದೀತು. ಆದರೆ ಈಗ ಬಹುಪಾಲು ಅಮೆರಿಕವೇ ಒದಗಿಸುವ ದೊಡ್ಡ ಸಾಗಣೆ ವಿಮಾನ, ಆಕಾಶದಲ್ಲೇ ಇಂಧನ ತುಂಬುವ ವಿಮಾನ, ಬೇಹುಗಾರಿಕೆಯ ಉಪಗ್ರಹ ಇವೆಲ್ಲ ಒಂದೆರಡು ವರ್ಷಕ್ಕೆ ಬರುವಂಥವಲ್ಲ. 2011ರಲ್ಲಿ ನ್ಯಾಟೊ ದಾಳಿ ಮಾಡಿದಾಗ, ಲಿಬಿಯಾದಂಥ ಸಣ್ಣ ಸೈನ್ಯದ ಎದುರೇ, 11 ವಾರ ಕಳೆಯುವಷ್ಟರಲ್ಲಿ ಯುರೋಪಿನ ಹಲವರ ಮದ್ದುಗುಂಡು ಮುಗಿಯುತ್ತಾ ಬಂದಿತ್ತು.

ಹಾಗಂತ ಅಮೆರಿಕ ಧರ್ಮಕ್ಕೆ ಕಾವಲು ಕಾಯುತ್ತಿಲ್ಲ. ಆಫ್ರಿಕಾ ನೋಡಿಕೊಳ್ಳುವ ಅದರ ಸೇನಾ ಕಮಾಂಡ್‌ನ ಕಚೇರಿ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. 5ನೇ ವಿಧಿ ಇದುವರೆಗೆ ಜಾರಿಗೆ ಬಂದದ್ದೂ ಒಂದೇ ಸಲ, 2001ರ ಸೆಪ್ಟೆಂಬರ್ ದಾಳಿಯ ನಂತರ, ಅಮೆರಿಕಕ್ಕಾಗಿಯೇ. ಅಫ್ಘಾನಿಸ್ತಾನಕ್ಕೆ ಹೋದ ಪುಟ್ಟ ಡೆನ್ಮಾರ್ಕ್ 40ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಟ್ರಂಪ್ ಈಗ ನಮಗೆ ಬೇಕು ಅನ್ನುತ್ತಿರುವ ಗ್ರೀನ್‌ಲ್ಯಾಂಡ್ ಅದೇ ಡೆನ್ಮಾರ್ಕಿನದು.